ನಾಲ್ಕನೇ ಮಹಡಿಯ ಮೇಸ್ತ್ರಿಯನ್ನು ಇಳಿಸಿದ್ದು

ಪುಣೆಯ ಕೊಂಢವಾ ಬಡಾವಣೆಯ ಒಂದು ಹಳೆಯ ಕಟ್ಟಡದ ನಾಲ್ಕನೇ ಮಹಡಿಯಿಂದ ಒಬ್ಬ ಮನುಷ್ಯನನ್ನು ಕೆಳಗಿಳಿಸಲು ನನಗೆ ವರ್ಷಗಳೇ ಹಿಡಿದವು. ಇಷ್ಟು ಕಾಲದ ಸರ್ಕಾರಿ ನೌಕರಿಯಲ್ಲಿ ಏನು ಮಾಡಿದಿರಿ ಎಂದು ಯಾರಾದರೂ ಕೇಳಿದರೆ ನಾನು ಇದನ್ನೇ ಹೇಳುವುದು. ಕೇಳಿದವರ ಮುಖ ಸಪ್ಪಗಾಗುತ್ತದೆ. ತುರ್ತು ಸಿದ್ಧತೆಯ ಕಚೇರಿಯಲ್ಲಿದ್ದವಳು ಬಾಂಬು, ಉಗ್ರರು, ಬಂದೂಕು ಹಿಡಿದ ಕಮಾಂಡೊಗಳು ಎಂದು ಏನಾದರೂ ಮೈ ಜುಮ್ಮೆನ್ನುವಂಥದ್ದು ಹೇಳಿಯಾಳು ಎಂದು ಅವರು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಿರುತ್ತಾರೆ, ಪಾಪ.

ಅಂಥದ್ದು ನನ್ನ ಬಳಿ ಇಲ್ಲ. ಪುಣೆಯಲ್ಲಿ ನನ್ನ ಕೆಲಸ ಜನರಿಗೆ ಕಲಿಸುವುದಾಗಿತ್ತು. ಬಾಂಬಿನ ಬೆದರಿಕೆ ಬಂದರೆ, ಬೆಂಕಿ ಬಿದ್ದರೆ, ನೆಲ ನಡುಗಿದರೆ, ನದಿ ಉಕ್ಕಿದರೆ ಹೇಗೆ ಹೊರಗೆ ಬರಬೇಕು, ಎಲ್ಲಿ ನಿಲ್ಲಬೇಕು, ಯಾರನ್ನು ಕರೆಯಬೇಕು ಎಂದು ಕೂಗಿ ಕೂಗಿ ಹೇಳುವುದು. ಧಾರವಾಡದಿಂದ ಮದುವೆಯಾಗಿ ಬಂದವಳಿಗೆ ಗಂಟಲು ಗಟ್ಟಿಯಿದೆ ಎಂಬ ಒಂದೇ ಕಾರಣಕ್ಕೆ ಈ ಕೆಲಸ ಸಿಕ್ಕಿತೆಂದು ನನ್ನ ಗಂಡ ಇವತ್ತಿಗೂ ಚೇಷ್ಟೆ ಮಾಡುತ್ತಾರೆ. ಈಗ ನಮ್ಮ ಕನ್ನಡದ ಹುಡುಗ ಹುಡುಗಿಯರೂ ಈ ಕೆಲಸಕ್ಕೆ ಸೇರುತ್ತಿದ್ದಾರೆ. ಆಗೀಗ ಕಾತ್ರಜದ ನಮ್ಮ ಮನೆಗೆ ಬಂದು, “ಮೇಡಂ, ಕೆಲಸ ಹೆಂಗಿರತದ್ರಿ?” ಎಂದು ಕೇಳುತ್ತಾರೆ. ಒಂದು ಕಪ್ ಚಹಾ ಮುಗಿಯುವುದರಲ್ಲಿ ಅದನ್ನು ಹೇಳಿ ಮುಗಿಸಲಾಗುವುದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಬಡ್ತಿ, ವರ್ಗಾವಣೆಗಳ ಗೋಳನ್ನು ಬಿಟ್ಟಿದ್ದೇನೆ. ಅದು ಎಲ್ಲ ಕಚೇರಿಗಳಲ್ಲೂ ಒಂದೇ.

ನಾನು ಸೇರಿದಾಗ ನಮ್ಮ ಸಾಹೇಬರು ಮೋಹಿತೆಯವರು. ಒಳ್ಳೆಯ ಮನುಷ್ಯ. ಆದರೆ ಅಣಕು ಕಾರ್ಯಾಚರಣೆ, ಅಂದರೆ ನಮ್ಮ ಬಾಯಲ್ಲಿ ಡ್ರಿಲ್, ಬಂತೆಂದರೆ ಮಗಳ ಮದುವೆ ಮಾಡುವ ತಂದೆಯಾಗಿಬಿಡುತ್ತಿದ್ದರು. ಶಾಮಿಯಾನ, ಮುಖ್ಯ ಅತಿಥಿ, ಗುಲಾಬಿ ಹೂ, ಬುಟ್ಟಿ ತುಂಬ ವಡಾಪಾವ್. ಗಾಯಾಳುಗಳ ಪಾತ್ರ ಮಾಡುವ ಕಾಲೇಜು ಹುಡುಗರು ಹಣೆಗೆ ಕೆಂಪು ಬಣ್ಣ ಬಳಿದುಕೊಂಡು ನೆರಳು ಹುಡುಕಿ ಮಲಗುತ್ತಿದ್ದರು. ಅತಿಥಿ ಬರುವುದು ತಡವಾದರೆ ಗಾಯಾಳುಗಳು ಗೊರಕೆ ಹೊಡೆಯುತ್ತಿದ್ದರು. ಒಮ್ಮೆ ಹಳೇ ಪೇಟೆಯ ಒಂದು ವಾಡೆಯಲ್ಲಿ, ಅಂದರೆ ಹಲವು ಸಂಸಾರಗಳಿರುವ ಹಳೆಯ ದೊಡ್ಡ ಮನೆಯಲ್ಲಿ, ಮಧ್ಯಾಹ್ನದ ಊಟವಾದ ಮೇಲೆ ಡ್ರಿಲ್ ಇಟ್ಟರು. ಸೈರನ್ ಕೂಗಿತು. ಒಂದೇ ಒಂದು ಬಾಗಿಲು ತೆರೆಯಿತು. ಅಜ್ಜಿಯೊಬ್ಬರು ತಲೆ ಹೊರಗೆ ಹಾಕಿ, “ಚಾರ್ ನಂತರ ಯಾ!” ಎಂದು ಗದರಿಸಿ ಬಾಗಿಲು ಹಾಕಿಕೊಂಡರು. ನಾಲ್ಕರ ನಂತರ ಬನ್ನಿ! ಪುಣೆಯ ಮಧ್ಯಾಹ್ನದ ನಿದ್ದೆಯ ಮುಂದೆ ನಮ್ಮ ಸೈರನ್ ಯಾವ ಲೆಕ್ಕ? ನಾನು ನಕ್ಕುಬಿಟ್ಟೆ, ಬೈಸಿಕೊಂಡೆ.

ಕಚೇರಿಯ ಹಿಂದೆ ಸಾಮಾನಿನ ಕೋಣೆಯಿತ್ತು. ಸರ್ಕಾರ ಏನೂ ಕೊಡುವುದಿಲ್ಲ ಎಂದು ಮೂಗು ಮುರಿಯುವವರು ಅದನ್ನು ನೋಡಬೇಕಿತ್ತು. ಸ್ಟ್ರೆಚರ್, ಹಗ್ಗ, ದೊಡ್ಡ ದೀಪಗಳು, ಧ್ವನಿವರ್ಧಕ, ನಡೆಯಲಾಗದವರನ್ನು ಕೂರಿಸಿ ಮೆಟ್ಟಿಲಿಳಿಸುವ ಬೆಲ್ಟಿನ ಕುರ್ಚಿಗಳು, ಎಲ್ಲವೂ ಇದ್ದವು. ಎಲ್ಲವೂ ಬಂದ ದಿನದ ಪ್ಲಾಸ್ಟಿಕ್ ಹೊದಿಕೆಯಲ್ಲೇ ಇದ್ದವು. ಮೋಹಿತೆ ಸಾಹೇಬರಿಗೆ ಉಗ್ರರಿಗಿಂತ ಹೆಚ್ಚು ಭಯ ತಪಾಸಣೆಯವರದ್ದು. ಒಂದು ಗೀರು ಬಿದ್ದರೂ ಉತ್ತರ ಕೊಡುವವರು ಯಾರು ಎಂದು ಬೀಗದ ಕೈಯನ್ನು ಪ್ಯಾಂಟಿನ ಜೇಬಿನಲ್ಲೇ ಇಟ್ಟುಕೊಂಡು ತಿರುಗುತ್ತಿದ್ದರು. ಅವರು ರಜೆಯಲ್ಲಿದ್ದ ದಿನ ಊರಿಗೆ ಏನಾದರೂ ಆಗಿದ್ದರೆ ನಾವು ಬರಿಗೈಯಲ್ಲಿ ಓಡಬೇಕಿತ್ತು.

ಕೊಂಢವಾದ ಆ ಕಟ್ಟಡಕ್ಕೆ ನಾನು ಮೊದಲ ಸಲ ಹೋದದ್ದು ಆ ಕಾಲದಲ್ಲೇ. ನಾಲ್ಕು ಮಹಡಿ, ಲಿಫ್ಟ್ ಇಲ್ಲ. ಸೈರನ್ ಕೂಗಿದ ಮೇಲೆ ಎಲ್ಲರೂ ಇಳಿದು ಬಂದರು. ನಾಲ್ಕನೇ ಮಹಡಿಯ ಬಾಲ್ಕನಿಯಲ್ಲಿ ಮಾತ್ರ ಒಬ್ಬ ಹೆಂಗಸು ಕಂಬಿ ಹಿಡಿದು ನಿಂತೇ ಇದ್ದರು. ನಾನು ಕೆಳಗಿನಿಂದ ಮರಾಠಿಯಲ್ಲಿ ಕೂಗಿದೆ, ಹಿಂದಿಯಲ್ಲಿ ಕೂಗಿದೆ. ಅವರು ಕೈಯಾಡಿಸಿದರು, ಇಳಿಯಲಿಲ್ಲ. ಒಂದು ಕುಟುಂಬ ಸಹಕರಿಸಲಿಲ್ಲ, ಉಳಿದವರೆಲ್ಲ ಸುರಕ್ಷಿತ, ಎಂದು ಹೇಳಿ ಮೋಹಿತೆ ಸಾಹೇಬರು ವಡಾಪಾವ್ ಹಂಚಿಸಿದರು.

ನನಗೆ ಸಿಟ್ಟು ನೆತ್ತಿಗೇರಿತ್ತು. ನಾಲ್ಕು ಮಹಡಿ ಹತ್ತಿ ಹೋಗಿ ಬಾಗಿಲಲ್ಲೇ ಶುರು ಮಾಡಿದೆ. ಒಳಗೆ ಮಂಚದ ಮೇಲೆ ಒಬ್ಬರು ಮಲಗಿದ್ದರು. ನನ್ನ ಮರಾಠಿಯ ಧಾಟಿ ಕೇಳಿಯೇ ಅವರು ನಕ್ಕು, “ನಮ್ಮ ಕಡೆಯವರ ಇದ್ದಂಗ ಅದೀರಿ. ಬರ್ರಿ, ಕುಂಡ್ರಿ, ಕುಂತು ಬೈರಿ,” ಎಂದರು.

ಅವರು ಬಸವಂತಪ್ಪ ಮೇಸ್ತ್ರಿ. ಗೋಕಾಕದ ಕಡೆಯವರು. ಕೊಂಢವಾದಲ್ಲಿ ಕಟ್ಟಡಗಳು ಏಳತೊಡಗಿದಾಗ ಬಂದು ಫರಸಿ, ಅಂದರೆ ನೆಲಗಲ್ಲು, ಕೂರಿಸುವ ಕೆಲಸ ಮಾಡಿದವರು. ಆ ಕಟ್ಟಡದ ಮೆಟ್ಟಿಲಿನ ಕಲ್ಲುಗಳನ್ನು ಕೂರಿಸಿದ್ದೂ ಅವರೇ. ಆಮೇಲೆ ಬೇರೊಂದು ಕಡೆ ಸಾರುವೆಯಿಂದ ಬಿದ್ದು ಸೊಂಟದ ಕೆಳಗೆ ಬಲ ಹೋಯಿತು. ಬಾಲ್ಕನಿಯಲ್ಲಿ ನಿಂತಿದ್ದವರು ಅವರ ಹೆಂಡತಿ ಶಾಂತಕ್ಕ.

“ನಾ ಇಳದರ ಇವರನ್ನ ಬಿಟ್ಟು ಇಳದಂಗಾತಲ್ರಿ,” ಎಂದರು ಶಾಂತಕ್ಕ. “ಇದು ಸುಳ್ಳ ಬೆಂಕಿ ಅಂತ ನನಗ ಗೊತ್ತದ. ಖರೇ ಬೆಂಕಿ ಬಿದ್ದರೂ ನಾ ಇಲ್ಲೇ ನಿಂದರಾಕಿ. ನಿಮ್ಮ ಸಾಹೇಬರಿಗೆ ಹೇಳ್ರಿ.”

ಇಬ್ಬರು ಜೀವಂತ ಮನುಷ್ಯರನ್ನು ಮೇಲೆ ಬಿಟ್ಟು ನಾವು ಕೆಳಗೆ ಚಪ್ಪಾಳೆ ತಟ್ಟುತ್ತಿದ್ದೆವು. ಅಂದಿನಿಂದ ಪುಣೆಯ ಯಾವ ಮೂಲೆಯಲ್ಲಿ ಡ್ರಿಲ್ ಮಾಡಿಸಿದರೂ ನನ್ನ ಕಣ್ಣು ಮೊದಲು ಬಾಲ್ಕನಿಗಳ ಮೇಲೆ ಹೋಗತೊಡಗಿತು. ಮೇಸ್ತ್ರಿಯನ್ನು ಇಳಿಸದೆ ಶಾಂತಕ್ಕ ಇಳಿಯುವುದಿಲ್ಲ, ಇಬ್ಬರೂ ಇಳಿಯದೆ ನನಗೆ ನೆಮ್ಮದಿಯಿಲ್ಲ ಎಂಬುದು ಅಂದೇ ಖಚಿತವಾಯಿತು. ಹೇಗೆ ಎಂಬುದು ಮಾತ್ರ ಗೊತ್ತಿರಲಿಲ್ಲ.

ಅದನ್ನು ಕಲಿಸಿದ್ದು ಬೇರೆ ಬೇರೆ ಕಡೆಯ ಎಡವಟ್ಟುಗಳು. ಎರಡನ್ನು ಹೇಳುತ್ತೇನೆ.

ಮೊದಲನೆಯದು ಕಾತ್ರಜದ ಬಸ್ಸಿನದು. ಬೆಳಗಾವಿ ಕಡೆಗೆ ಹೊರಟ ಬಸ್ಸಿನಲ್ಲಿ ನಾವು ಬೇಕೆಂದೇ ಒಂದು ಅನಾಥ ಚೀಲ ಇಟ್ಟೆವು. ಜನ ಎಷ್ಟು ಬೇಗ ಅನುಮಾನಪಟ್ಟು ತಿಳಿಸುತ್ತಾರೆ ಎಂದು ನೋಡುವ ಪರೀಕ್ಷೆ. ಸಾದಾ ಬಟ್ಟೆಯಲ್ಲಿ ಒಬ್ಬ ಪೊಲೀಸ್ ಅಧಿಕಾರಿ ನನ್ನ ಪಕ್ಕ ಕೂತಿದ್ದರು. ಬಸ್ಸು ತುಂಬಿತು, ಜನ ನಿಂತುಕೊಂಡರು. ಚೀಲದ ಸೀಟು ಮಾತ್ರ ಖಾಲಿ! ಕಿಟಕಿಯಿಂದ ಟವೆಲ್ಲೋ ಚೀಲವೋ ಎಸೆದು ಸೀಟು ಹಿಡಿಯುವ ನಮ್ಮ ಜನ, ಸೀಟಿನ ಮೇಲೆ ಚೀಲ ಕಂಡರೆ ಅನುಮಾನಪಡುತ್ತಾರೆಯೇ? ಕೂರಲು ಹೋದ ಒಬ್ಬನನ್ನು ಪಕ್ಕದವರೇ ತಡೆದು, “ಏ, ಯಾರೋ ಜಾಗಾ ಹಿಡದಾರ, ಕಣ್ಣ ಕಾಣಂಗಿಲ್ಲೇನ?” ಎಂದರು. ಚೀಲ ಜಾರತೊಡಗಿದಾಗ ಒಬ್ಬ ಹಿರಿಯರು ಅದನ್ನು ಜೋಪಾನವಾಗಿ ನೆಟ್ಟಗೆ ಕೂರಿಸಿದರು. ಅಧಿಕಾರಿ ತಲೆ ಚಚ್ಚಿಕೊಂಡು, “ಬಾಂಬಲಾ ಸೀಟ ದಿಲೀ ಹೋ!” ಎಂದರು. ಬಾಂಬಿಗೆ ಸೀಟು ಬಿಟ್ಟುಕೊಟ್ಟರಲ್ಲ!

ಜನ ದಡ್ಡರು ಎಂದು ಬರೆದು ಮುಗಿಸಬಹುದಿತ್ತು. ನನಗೆ ಹಾಗನ್ನಿಸಲಿಲ್ಲ. ಅವರು ಪರರ ಹಕ್ಕಿಗೆ ಮರ್ಯಾದೆ ಕೊಟ್ಟಿದ್ದರು ಅಷ್ಟೆ. ಮುಂದಿನ ಸಲ ಕಂಡಕ್ಟರುಗಳಿಗೆ ಒಂದೇ ಮಾತು ಹೇಳಿಕೊಟ್ಟೆವು. ಬಸ್ಸು ಬಿಡುವ ಮುಂಚೆ ಚೀಲವಿದ್ದ ಖಾಲಿ ಸೀಟಿನ ಮುಂದೆ ನಿಂತು, “ಈ ಸೀಟು ಯಾರದ್ರಿ? ಬರಲಿಲ್ಲಂದ್ರ ಬ್ಯಾರೇದವರಿಗೆ ಕೊಡತೀನಿ,” ಎಂದು ಗಟ್ಟಿಯಾಗಿ ಕೇಳಬೇಕು. ಕೇಳಿದ್ದೇ ತಡ, ಸೀಟು ನನ್ನದು ಎಂದು ಮೂವರು ಮುಂದೆ ಬಂದರು. ಚೀಲವೂ ನಿಮ್ಮದೇನು ಎಂದು ಕೇಳಿದರೆ ಮೂವರೂ ಹಿಂದೆ ಸರಿದರು. ಅಲ್ಲಿಗೆ ಅನಾಥ ಚೀಲ ಸಿಕ್ಕಿಬಿತ್ತು.

ಎರಡನೆಯದು ಊರಿನ ಪೂರ್ವ ತುದಿಯಲ್ಲಿರುವ ಖರಾಡಿಯ ಒಂದು ಐಟಿ ಕಚೇರಿ. ಅಲ್ಲಿ ಎಲ್ಲವೂ ಅಚ್ಚುಕಟ್ಟು. ಸಿಳ್ಳೆ ಊದಿದ ಕೂಡಲೇ ಸಾಲುಸಾಲಾಗಿ ಇಳಿದರು. ಇಳಿದವರು ಬಯಲಿನಲ್ಲಿ ಗುರುತು ಮಾಡಿದ ಜಾಗಕ್ಕೆ ಹೋಗದೆ ಗಾಜಿನ ಗೋಡೆಯ ಬುಡಕ್ಕೇ ಅಂಟಿಕೊಂಡು ನಿಂತರು. ಸ್ಫೋಟವಾದರೆ ಮೊದಲು ಸುರಿಯುವುದು ಆ ಗಾಜು. ನಾನು ಸಿಳ್ಳೆ ಹಿಡಿದಿದ್ದ ಆ ಕಚೇರಿಯ ಹಾಸನದ ಹುಡುಗನನ್ನು ಹಿಡಿದು ಝಾಡಿಸಿದೆ. ಅವನ ಹೆಸರು ಪ್ರಜ್ವಲ್.

“ಮೇಡಂ, ನಾನ್ ಹೇಳ್ದೆ, ಯಾರೂ ಕೇಳಲ್ಲ,” ಎಂದ ಅವನು. “ಆ ಸ್ಪಾಟಲ್ಲಿ ಬಿಸ್ಲು ನೋಡಿ, ಪಾದ ಸುಡುತ್ತೆ. ನೆರಳಿರೋದು ಇಲ್ಲೊಂದೇ. ನೀವೇ ಎಲ್ಲಿ ನಿಂತಿದೀರಾ ನೋಡ್ಕೊಳ್ಳಿ!”

ನೋಡಿಕೊಂಡೆ. ನಾನೂ ಗಾಜಿನ ಕೆಳಗೇ ನಿಂತಿದ್ದೆ. ಇಬ್ಬರೂ ನಕ್ಕೆವು. ಬಯಲಿನಲ್ಲಿ ತಗಡಿನ ಚಪ್ಪರ ಹಾಕಿಸಿದ ಮೇಲೆ ಜನ ಯಾರೂ ಹೇಳದೆ ಅಲ್ಲಿಗೇ ಹೋಗತೊಡಗಿದರು. ಹೊಸಬರಿಗೆ ನಾನು ಹೇಳುವುದು ಇಷ್ಟೇ: ಜನ ನಿಮ್ಮ ನಕ್ಷೆಯಂತೆ ನಡೆಯಲಿಲ್ಲವೆಂದರೆ ಜನರನ್ನು ಬೈಯುವ ಮುಂಚೆ ನಕ್ಷೆಯನ್ನು ತಿರುಗಿಸಿ ನೋಡಿ. ಅಂದು ಮಾತಿನ ನಡುವೆ ಪ್ರಜ್ವಲ್ ತಾನಿರುವುದು ಕೊಂಢವಾದಲ್ಲಿ ಎಂದ. ಯಾವ ಕಟ್ಟಡ ಎಂದು ಕೇಳಿದೆ. ಮೇಸ್ತ್ರಿಯ ಕಟ್ಟಡವೇ, ಎರಡನೇ ಮಹಡಿ. ಆ ಹುಡುಗನನ್ನು ಆಮೇಲೆ ನಾನು ಬಿಡಲಿಲ್ಲ.

ಅಷ್ಟರಲ್ಲಿ ಮೋಹಿತೆ ಸಾಹೇಬರು ನಿವೃತ್ತರಾಗಿ ದೇಶಮುಖ ಮೇಡಂ ಬಂದಿದ್ದರು. ನನ್ನ ಮಗಳ ವಯಸ್ಸಿನವರು. ಸಾಮಾನಿನ ಕೋಣೆ ತೆರೆಸಿ, ಪ್ಲಾಸ್ಟಿಕ್ ಹೊದಿಕೆಗಳನ್ನು ನೋಡಿ, “ಮೋಡಲೀ ತರ ಮೋಡೂ ದೇತ. ವಾಪರಾ!” ಎಂದರು. ಮುರಿದರೆ ಮುರಿಯಲಿ, ಬಳಸಿ! ಆ ಮಾತು ಕೇಳಲು ನಾನು ಎಷ್ಟು ಕಾಲ ಕಾದಿದ್ದೆನೋ. ಮರುವಾರವೇ ಸ್ಟ್ರೆಚರ್ ಹೊರಿಸಿಕೊಂಡು ಕೊಂಢವಾಕ್ಕೆ ಹೋದೆ. ಪ್ರಜ್ವಲ್ ಇದ್ದ, ಕೆಳಗಿನ ಗ್ಯಾರೇಜಿನ ಇರ್ಫಾನ್ ಇದ್ದ. ಮೇಸ್ತ್ರಿಯನ್ನು ಮಲಗಿಸಿ, ಪುಸ್ತಕದಲ್ಲಿ ಹೇಳಿದಂತೆ ಕಾಲು ಮುಂದೆ ಮಾಡಿ ಇಳಿಸತೊಡಗಿದೆವು. ಮೂರನೇ ಮಹಡಿಯ ವೃದ್ಧೆ ಜೋಶಿ ಆಜಿ ಬಾಗಿಲು ತೆರೆದವರೇ ಚೀರಿದರು.

“ಅಹೋ, ಪಾಯ ಪುಢೆ ಕಾಯ ಕರತಾಯ! ಮಾಣೂಸ ಜಿವಂತ ಆಹೆ ನಾ!”

ಕಾಲು ಮುಂದೇಕೆ, ಮನುಷ್ಯ ಬದುಕಿದ್ದಾನಲ್ಲ! ಕಾಲು ಮುಂದಾಗಿ ಮನೆಯಿಂದ ಹೊರಗೆ ಒಯ್ಯುವುದು ಹೆಣವನ್ನು ಮಾತ್ರ. ಇರ್ಫಾನ್ ಮೆಟ್ಟಿಲ ಮೇಲೆ ನಿಂತುಬಿಟ್ಟ. ಮೇಸ್ತ್ರಿ ಕಣ್ಣು ಮುಚ್ಚಿಕೊಂಡು, “ಬ್ಯಾಡ್ರಿ. ಮ್ಯಾಲ ಒಯ್ಯರಿ,” ಎಂದರು. ಒಯ್ದೆವು.

ನಾನು ಸೋಲುವವಳಲ್ಲ. ಮಲಗಿಸಿದರೆ ತಾನೇ ಈ ತಕರಾರು? ಮುಂದಿನ ವಾರ ಬೆಲ್ಟಿನ ಕುರ್ಚಿ ತಂದೆ. ಅಲಂಕಾರ ಬೇರೆ ಇರಲಿ ಎಂದು ಕುರ್ಚಿಗೆ ಹೊಸ ಬಟ್ಟೆ ಹೊದಿಸಿ, ಮೇಸ್ತ್ರಿಯ ಹೆಗಲ ಮೇಲೆ ಶಾಲು ಹಾಕಿ, ಎದೆಗೆ, ಹಣೆಗೆ ಬೆಲ್ಟು ಬಿಗಿದು, “ನೋಡ್ರಿ ಶಾಂತಕ್ಕ, ಮದಿಮಗನಂಗ ಕಾಣತಾರ!” ಎಂದೆ.

ಶಾಂತಕ್ಕನ ಮುಖ ಬಿಳಿಚಿಕೊಂಡಿತು. “ತಗೀರಿ ಮೇಡಮ್ಮಾರ,” ಎಂದರು. “ಮೊದಲ ಆ ಬೆಲ್ಟ ತಗೀರಿ. ನೀವು ಧಾರವಾಡದವರು, ನಿಮಗ ಗೊತ್ತಿಲ್ಲೇನು? ನಮ್ಮೊಳಗ ಸತ್ತವರನ್ನ ಮಲಗಿಸಿ ಒಯ್ಯಂಗಿಲ್ಲ. ಹಿಂಗ ಕುಂಡ್ರಿಸಿ, ಹಿಂಗ ಕಟ್ಟಿ, ಹಿಂಗ ಶಾಲ ಹೊಚ್ಚಿ ಒಯ್ಯತೀವಿ.”

ನೆಲ ಬಾಯಿ ಬಿಡಬಾರದೇ ಎನಿಸಿತು. ಲಿಂಗಾಯತರ ಮನೆಯ ಸಾವು ನಾನು ನೋಡದ್ದೇ? ಧಾರವಾಡದ ನಮ್ಮ ಓಣಿಯಲ್ಲಿ ಹೂವಿನ ನಡುವೆ ಕುಳ್ಳಿರಿಸಿದ ಹಿರಿಯರಿಗೆ ಕೈ ಮುಗಿದು ಬೆಳೆದವಳು ನಾನು. ಜೋಶಿ ಆಜಿಯ ಮಾತು ತಪ್ಪಿಸಲು ಹೋಗಿ ಶಾಂತಕ್ಕನ ಎದೆಗೆ ಕೊಳ್ಳಿ ಇಟ್ಟಿದ್ದೆ. ಮಲಗಿಸುವಂತಿಲ್ಲ, ಕೂರಿಸುವಂತಿಲ್ಲ. ಯಾವ ಸರ್ಕಾರ ಮೂರನೆಯ ಸಾಧನ ಕೊಟ್ಟಿದೆ?

ಬೆಲ್ಟು ಬಿಚ್ಚಿದೆ. ಶಾಂತಕ್ಕ ಸೆರಗಿನಿಂದ ಮುಖ ಒರೆಸಿಕೊಂಡರು. ಕೊನೆಗೆ ಮೇಸ್ತ್ರಿಯೇ ಕೆಮ್ಮಿ, “ಕುಂಡ್ರಿಸಿದ್ದಕ್ಕ ನನಗೇನೂ ಬ್ಯಾಸರಿಲ್ಲ. ಹಣಿಗೆ ಕಟ್ಟಿದ್ದು ಮಾತ್ರ ಸರಿ ಆಗಲಿಲ್ಲ. ತಲಿ ಹೊಳ್ಳಿಸಿ ಮಾತಾಡಾಕ ಬರವಲ್ದಾತು,” ಎಂದರು.

ಶಾಂತಕ್ಕ ಗಂಡನ ಹೆಗಲ ಮೇಲಿನ ಶಾಲು ತೆಗೆದು ಮಡಿಸಿದರು. ಆಮೇಲೆ ನನ್ನ ಕಡೆ ತಿರುಗಿದರು. “ಹಂಗಾರ ಒಂದ ಮಾತು. ಹಣಿ ಬೆಲ್ಟ ಬ್ಯಾಡ, ಶಾಲ ಬ್ಯಾಡ. ಬಾಗಲ ದಾಟಿದಾಗಿಂದ ನೆಲಕ್ಕ ಮುಟ್ಟೂತನಕ ಇವರು ಮಾತಾಡಕೋತ ಇಳೀಬೇಕು. ನಾ ಹಿಂದ ಬರತಿರತೀನಿ. ನನಗ ಇವರ ದನಿ ಕೇಳತಿರಬೇಕು. ದನಿ ನಿಂತರ ನಾ ಅಲ್ಲೇ ನಿಂತೆ.”

“ಮಾತಾಡೂದೇನು ದೊಡ್ಡದ್ರಿ?” ಎಂದ ಮೇಸ್ತ್ರಿ ಹೆಂಡತಿಯ ಕಡೆ ತಿರುಗಿದರು. “ಇಷ್ಟ ವರ್ಷ ಮಾತಾಡಬ್ಯಾಡ ಅಂತಿದ್ದಿ.”

ನಮ್ಮ ತರಬೇತಿಯಲ್ಲಿ ಆಜ್ಞೆ ಕೊಡುವುದು ಹೊರುವವರ ಪೈಕಿ ಮೇಲಿನ ತುದಿಯಲ್ಲಿರುವವನು. ರೋಗಿ ಸುಮ್ಮನಿರಬೇಕು. ನಾನು ಅದನ್ನು ತಿರುಗಿಸಿದೆ. ಇನ್ನು ಮೇಲೆ ಆಜ್ಞೆ ಮೇಸ್ತ್ರಿಯದು. ಇರ್ಫಾನ್ ಕೆಳಗೆ, ಪ್ರಜ್ವಲ್ ಮೇಲೆ. ಮೇಸ್ತ್ರಿಯ ಬಾಯಿ ಬಾಗಿಲಲ್ಲಿ ತೆರೆದದ್ದು ಮುಚ್ಚಲೇ ಇಲ್ಲ. “ಎತ್ರಿ. ಹಾಂ. ಸಾವಕಾಶ. ಏ ಇರ್ಫಾನ್, ಬಾಯೇಂ ಮುಡ, ಎಡಕ್ಕ ಹೊಳ್ಳು. ಹಾಸನದಾವ, ನೀ ಮ್ಯಾಲಿಂದ ದಬ್ಬಬ್ಯಾಡ, ನಾ ಸಿಮೆಂಟ ಚೀಲ ಅಲ್ಲ. ನಿಂದರ್ರಿ! ಈ ಫರಸಿ ಯಾರ ಒಡದಾರ? ನಾ ಕೂಡಿಸಿದ್ದು ಹಿಂಗ ಇರಲಿಲ್ಲ!” ಜೋಶಿ ಆಜಿ ಮತ್ತೆ ಬಾಗಿಲು ತೆರೆದರು. ಮೇಸ್ತ್ರಿ ಅವರಿಗೂ ಒಂದು ನಮಸ್ಕಾರ ಹಾಕಿ, ನಿಮ್ಮ ಹೊಸ್ತಿಲ ಬಳಿಯ ಕಲ್ಲು ಎದ್ದಿದೆ, ಎಡವೀರಿ ಎಂದು ಮರಾಠಿಯಲ್ಲಿ ಹೇಳಿ ಮುಂದೆ ಸಾಗಿದರು. ಆಜಿ ನಕ್ಕುಬಿಟ್ಟರು.

ಕೆಳಗಿಳಿದು ಬಿಸಿಲಿಗೆ ಬಂದಾಗ ಮೇಸ್ತ್ರಿ ಒಂದು ಗಳಿಗೆ ಸುಮ್ಮನಾದರು. ರಸ್ತೆ ಬಹಳ ಬದಲಾಗಿತ್ತು. ಹಿಂದಿದ್ದ ಶಾಂತಕ್ಕ ಗಾಬರಿಯಾಗಿ ಅವರ ಹೆಗಲು ಅಲುಗಿಸಿದರು. “ಅದೀನಿ, ಅದೀನಿ,” ಎಂದು ಅವರು ಕಣ್ಣೊರೆಸಿಕೊಂಡರು.

ಆ ಕುರ್ಚಿಯನ್ನು ನಾನು ಕೋಣೆಗೆ ವಾಪಸ್ ತರಲಿಲ್ಲ. ದೇಶಮುಖ ಮೇಡಂ ಅದನ್ನು ಆ ಕಟ್ಟಡದ ನಾಲ್ಕನೇ ಮಹಡಿಯ ಗೋಡೆಗೇ ತೂಗುಹಾಕಿಸಿದರು. ನಡೆಯಲಾಗದವರು ಇರುವ ಬೇರೆ ಕಟ್ಟಡಗಳಿಗೂ ಹಾಗೇ ಕುರ್ಚಿಗಳು ಹೋದವು. ಸರ್ಕಾರದ ಸಾಮಾನು ಕೋಣೆಯಿಂದ ಹೊರಟು ಮೆಟ್ಟಿಲ ಪಕ್ಕಕ್ಕೆ ಬಂದದ್ದು ನನ್ನ ಕಾಲದಲ್ಲಿ ಆದ ದೊಡ್ಡ ಬದಲಾವಣೆ. ತಪಾಸಣೆಯವರು ಬಂದು ಗೀರು ನೋಡಿದರು. ಆಕಾಶ ಬೀಳಲಿಲ್ಲ.

ಮೊದಲ ಸಲ ಇಳಿದ ಮರು ಭಾನುವಾರವೇ ಮೇಸ್ತ್ರಿ ನನಗೆ ಫೋನ್ ಮಾಡಿ, “ಮತ್ತ ಡ್ರಿಲ್ ಯಾವಾಗ್ರಿ?” ಎಂದು ಕೇಳಿದರು. ನಾನು ಹೇಳುವವರೆಗೆ ಕಾಯುವುದೇಕೆ ಎಂದೆ. ಅಂದಿನಿಂದ ಪ್ರತಿ ಭಾನುವಾರ ಬೆಳಿಗ್ಗೆ ಅವರನ್ನು ಇಳಿಸುವುದು ಆ ಕಟ್ಟಡದ ರೂಢಿಯಾಯಿತು. ಒಬ್ಬರಿಲ್ಲದಿದ್ದರೆ ಇನ್ನೊಬ್ಬರು ಹಿಡಿಯುತ್ತಿದ್ದರು. ಮೇಸ್ತ್ರಿ ಗ್ಯಾರೇಜಿನ ಮುಂದೆ ಕೂತು ಚಹಾ ಕುಡಿದು, ಪಕ್ಕದಲ್ಲಿ ಏಳುತ್ತಿದ್ದ ಕಟ್ಟಡದವರಿಗೆಲ್ಲ ಬಿಟ್ಟಿ ಬುದ್ಧಿ ಹೇಳಿ, ಮತ್ತೆ ಬಯ್ಯುತ್ತಲೇ ಮೇಲಕ್ಕೆ ಹೋಗುತ್ತಿದ್ದರು. ಶಾಂತಕ್ಕ ಆ ಹೊತ್ತಿಗೆ ತರಕಾರಿ ತರಲು ಹೋಗಿ ಬರುತ್ತಿದ್ದರು. ಹೀಗಿರುವಾಗಲೇ ನಾನು ನಿವೃತ್ತಳಾದೆ.

ಕಳೆದ ಬೇಸಿಗೆಯಲ್ಲಿ ಒಂದು ದಿನ ಪ್ರಜ್ವಲನ ಫೋನ್ ಬಂತು. “ಮೇಡಂ, ನಮ್ ಬಿಲ್ಡಿಂಗ್ ಪಕ್ಕದ ಸೈಟಲ್ಲಿ ಅಗೆಯೋ ಮಷಿನ್ನು ಗ್ಯಾಸ್ ಪೈಪಿಗೆ ಹೊಡ್ದಿದೆಯಂತೆ. ಫುಲ್ ವಾಸನೆ ಅಂತೆ. ನಾನ್ ಖರಾಡಿಲಿದೀನಿ. ಇರ್ಫಾನ್ ಭಾಯ್ ಫೋನ್ ಎತ್ತಾ ಇಲ್ಲ. ಮೇಸ್ತ್ರಿ ಮನೇಲೂ ಎತ್ತಾ ಇಲ್ಲ.”

ಅಗ್ನಿಶಾಮಕದವರು ಹೊರಟಿದ್ದಾರೆಂದೂ ಹೇಳಿದ. ನಾನು ಚಪ್ಪಲಿ ಮೆಟ್ಟಿ ಆಟೊ ಹತ್ತಿದೆ. ಭಾನುವಾರವಲ್ಲ, ಕೆಲಸದ ದಿನ. ಹುಡುಗರೆಲ್ಲ ಹೊರಗಿರುವ ಹೊತ್ತು. ಕೊಂಢವಾದ ರಸ್ತೆಯಲ್ಲಿ ವಾಹನಗಳು ಇರುವೆ ಸಾಲಿನಂತೆ ನಿಂತಿದ್ದವು. ನಾನು ಇಳಿದು ಓಡಿದೆ. ಈ ವಯಸ್ಸಿನಲ್ಲಿ ಓಡಿದ್ದನ್ನು ನೋಡಿದವರು ನಕ್ಕಿರಬೇಕು. ಪೊಲೀಸರು ಹಗ್ಗ ಕಟ್ಟಿ ರಸ್ತೆ ತಡೆದಿದ್ದರು. ನಾನು ಹಗ್ಗದ ಬಳಿ ನಿಂತು ತಲೆಯೆತ್ತಿದೆ.

ನಾಲ್ಕನೇ ಮಹಡಿಯ ಬಾಲ್ಕನಿಯಲ್ಲಿ ಯಾರೂ ಇರಲಿಲ್ಲ.

ಮೊದಲ ಸಲ ಆ ಬಾಲ್ಕನಿಯಲ್ಲಿ ಶಾಂತಕ್ಕ ನಿಂತದ್ದು ಕಂಡು ಸಿಟ್ಟು ಬಂದಿತ್ತು. ಅಂದು ಒಮ್ಮೆ ಕಾಣಿಸಲಿ ಎಂದು ಬೇಡಿಕೊಂಡೆ. ಒಳಗೆ ಇಬ್ಬರೂ ಅನಿಲ ಕುಡಿದು ಮಲಗಿಬಿಟ್ಟಿದ್ದರೆ? ಪೊಲೀಸಿನವನ ತೋಳು ಹಿಡಿದು ಮೇಲೆ ಇಬ್ಬರಿದ್ದಾರೆ ಎಂದು ಕೂಗುತ್ತಿದ್ದೆ. ಗಟ್ಟಿ ಗಂಟಲು ಅಂದು ಪೂರಾ ಒಡೆದುಹೋಗಿತ್ತು.

ಆಗ ಬೆನ್ನ ಹಿಂದಿನಿಂದ ಒಂದು ದನಿ ಕೇಳಿತು. ರಸ್ತೆಯಾಚೆ, ದೂರದ ಶಾಲೆಯ ಅಂಗಳದ ಕಡೆಯಿಂದ.

“ಪಾಯಾ ತೋಡಾಕ ಬರೂದಿಲ್ಲ, ಮಷಿನ್ ನಡಸಾಕ ಬಂದಾರ! ಪೈಪ ಎಲ್ಲಿ ಹೊಂಟದ ಅಂತ ಒಂದ ಮಾತ ಕೇಳಿದ್ರ ನಾ ಹೇಳತಿದ್ದಿಲ್ಲೇನು?”

ತಿರುಗಿದೆ. ಶಾಲೆಯ ಚಪ್ಪರದ ನೆರಳಲ್ಲಿ ಕಟ್ಟಡದ ಜನರೆಲ್ಲ ಇದ್ದರು. ನಡುವೆ ಆ ಗೀರು ಬಿದ್ದ ಸರ್ಕಾರಿ ಕುರ್ಚಿ, ಅದರಲ್ಲಿ ಮೇಸ್ತ್ರಿ. ಪಕ್ಕದಲ್ಲಿ ಮನೆಯ ಬೀಗದ ಕೈ ಹಿಡಿದ ಶಾಂತಕ್ಕ. ಇರ್ಫಾನ್ ಅಂಗೈ ಉಜ್ಜಿಕೊಳ್ಳುತ್ತಿದ್ದ. ಎರಡೂ ಕೈ ಕುರ್ಚಿ ಹಿಡಿದಿದ್ದಾಗ ಅವನು ಫೋನ್ ಎತ್ತುವುದು ಹೇಗೆ? ಮೇಲಿನ ತುದಿ ಹಿಡಿದದ್ದು ಜೋಶಿ ಆಜಿಯ ಸೊಸೆಯಂತೆ. ವಾಸನೆ ಬಂದ ಕೂಡಲೇ ಒಬ್ಬರೂ ಸ್ವಿಚ್ ಮುಟ್ಟದೆ, ಬೆಲ್ ಒತ್ತದೆ, ಬಾಗಿಲು ಬಡಿದು ಬಡಿದು ಎಲ್ಲರನ್ನೂ ಎಬ್ಬಿಸಿದ್ದರು. ಯಾರೂ ನನ್ನನ್ನು ಕೇಳಿರಲಿಲ್ಲ, ಯಾರ ಅಪ್ಪಣೆಗೂ ಕಾದಿರಲಿಲ್ಲ. ನೌಕರಿಯಲ್ಲಿ ನನಗೆ ಇದಕ್ಕಿಂತ ದೊಡ್ಡ ಸಂತೋಷ ಸಿಕ್ಕಿಲ್ಲ. ಅಲ್ಲೇ ನಿಂತು ಅತ್ತುಬಿಟ್ಟೆ.

“ತಡಾ ಮಾಡಿದ್ರಿ ಮೇಡಮ್ಮಾರ,” ಎಂದರು ಮೇಸ್ತ್ರಿ. “ನಾವು ಇಳದು ಚಹಾನೂ ಕುಡದಿವಿ. ಮೂರನೇ ಮಾಳಗಿ ಫರಸಿ ಇನ್ನೂ ರಿಪೇರಿ ಮಾಡಿಲ್ಲ ನೋಡ್ರಿ, ಇರ್ಫಾನನ ಕಾಲ ಜಾರತಿತ್ತು. ನಾ ಹೇಳಿದೆ, ಬಲಕ್ಕ ತಗೋ ಅಂತ. ಅಷ್ಟರಾಗ ಈಕಿ ಹಿಂದಿಂದ...”

“ಇಳದಾತಲ್ರಿ,” ಎಂದರು ಶಾಂತಕ್ಕ. “ಇನ್ನರೆ ಒಂದೀಟು ಸುಮ್ಮನಿರ್ರಿ.”

ಮೇಸ್ತ್ರಿ ಸುಮ್ಮನಾಗಲಿಲ್ಲ.